ಪೇಂಟರನ ಕಾಲಿನ ಬೆಲೆ

ಎರಡನೇ ಇಟ್ಟಿಗೆ ಹಾರಿ ಬರುವಷ್ಟರಲ್ಲಿ ತಗಡು ಅನ್ನುವವನು ಕಾರಿನ ಬಾಗಿಲೊಂದನ್ನು ಎದೆಗೆ ಅಡ್ಡ ಹಿಡಿದಿದ್ದ. ಇಟ್ಟಿಗೆ ಬಾಗಿಲಿಗೆ ಬಡಿಯಿತು. ಬೆಳಗಿನಿಂದ ಅವನು ತಟ್ಟಿ ತಟ್ಟಿ ನೇರ ಮಾಡಿದ್ದ ಜಾಗದಲ್ಲೇ ಹೊಸ ಗುಳಿ ಬಿತ್ತು. ಬೆನ್ನ ಹಿಂದೆ, ಒಡೆದ ಕನ್ನಡಿಗಳ ರಾಶಿಯ ಮೇಲೆ, ಕನ್ನಡಕದ ಅಂಗಡಿಯವರು ಮಂಡಿಯೂರಿ ಕೂತಿದ್ದರು. ಅವರ ಎಡ ಮಣಿಕಟ್ಟು ಇರಬಾರದ ಕಡೆಗೆ ಬಾಗಿತ್ತು. ನೆತ್ತರು ಮೊಳಕೈಯಿಂದ ಇಳಿದು ಚೌಕಟ್ಟುಗಳ ಮೇಲೆ, ಗಾಜಿನ ಚೂರುಗಳ ಮೇಲೆ ತೊಟ್ಟಿಕ್ಕುತ್ತಿತ್ತು.

"ಪಕ್ಕಕ್ಕೆ ಸರಿ ತಗಡು. ನಿನ್ನ ಮೇಲೆ ನಮಗೆ ಸಿಟ್ಟಿಲ್ಲ," ಅಂದ ಗುಂಪಿನ ಮುಂದಿದ್ದವನು. ಅವನ ಕೈಯಲ್ಲಿ ಸಲಾಕೆಯಿತ್ತು, ಕಣ್ಣಲ್ಲಿ ನೀರಿತ್ತು.

"ಸಿಟ್ಟಿಲ್ಲ ಅಂದ್ಮೇಲೆ ನನ್ನ ಬಾಗಿಲು ಯಾಕೆ ಹಾಳು ಮಾಡ್ತೀಯ ಮಾರಾಯ," ಅಂದ ತಗಡು. ಧೈರ್ಯಕ್ಕೆ ಅಂದದ್ದಲ್ಲ; ಬೇರೇನೂ ಹೊಳೆದಿರಲಿಲ್ಲ. ಸಲಾಕೆ ಮೇಲೆದ್ದಿತು. ಅದು ಇಳಿಯುವ ಮೊದಲು ಪೊಲೀಸ್ ಜೀಪು ಗಾಜಿನ ಚೂರುಗಳನ್ನು ಕರಕರ ತುಳಿಯುತ್ತ ಬಂದು ನಿಂತಿತು. ಗುಂಪು ಚದುರಿತು. ಪೊಲೀಸರು ಸಲಾಕೆ ಹಿಡಿದವನನ್ನು ಬಿಟ್ಟು, ಮಣಿಕಟ್ಟು ಮುರಿದವರನ್ನೇ ಹಿಡಿದು ಜೀಪಿಗೆ ಹತ್ತಿಸಿದರು.

ತಗಡು ಅನ್ನುವುದು ಅವನ ಹೆಸರಲ್ಲ. ಅಪಘಾತದಲ್ಲಿ ಜಜ್ಜಿಹೋದ ಕಾರುಗಳ ಮೈ ನೇರ ಮಾಡುವುದು ಅವನ ಕಸುಬು. ಬೀದಿಯವರು ಕಸುಬನ್ನೇ ಹೆಸರು ಮಾಡಿದ್ದರು. ಅವನ ಟಿಂಕರಿಂಗ್ ಶೆಡ್ಡಿನ ಮೇಲಿನ ಮನೆಯಲ್ಲಿ ಅವನ ಚಿಕ್ಕಮ್ಮ ಇದ್ದಳು. ಮೂಳೆ ಡಾಕ್ಟರಾಗಿದ್ದವಳು. ನಿವೃತ್ತಿಯ ಮೊದಲಿನ ವರ್ಷಗಳಲ್ಲಿ ಅಪಘಾತ ಪರಿಹಾರದ ಕೋರ್ಟಿನಲ್ಲಿ ಕೂತು, ಯಾರ ಕೈ ಎಷ್ಟು ಪರ್ಸೆಂಟ್ ಹೋಗಿದೆ, ಯಾರ ಸೊಂಟ ಎಷ್ಟು ಪರ್ಸೆಂಟ್ ಉಳಿದಿದೆ ಎಂದು ಹೇಳುವುದೇ ಅವಳ ಕೆಲಸವಾಗಿತ್ತು. ಹಾಗಾಗಿ ಹಿಂದಿನಿಂದ ಎಲ್ಲರೂ ಅವಳನ್ನು ಪರ್ಸೆಂಟಮ್ಮ ಅನ್ನುತ್ತಿದ್ದರು. ಮೈಮೇಲಿನ ಏಟು ನೋಡಿ ಹೊಡೆದವನ ಜಾಡು ಹಿಡಿಯುವ ಗೀಳು ಅವಳಿಗೆ ಆ ಕಾಲದಿಂದಲೇ ಅಂಟಿಕೊಂಡಿತ್ತು. ಇನ್ಸ್‌ಪೆಕ್ಟರಿಗೆ ಅವಳು ಬೇಕಾದಾಗ ಡಾಕ್ಟ್ರಮ್ಮ, ಬೇಡವಾದಾಗ ತಲೆನೋವು.

ತಗಡು ಬಾಗಿಲು ಹೊತ್ತು ಮನೆ ಸೇರಿದಾಗ ಕನ್ನಡಕದವರ ಮಗಳು ಆಗಲೇ ಮೆಟ್ಟಿಲ ಮೇಲೆ ಕೂತು ಬಿಕ್ಕುತ್ತಿದ್ದಳು. ಅವಳು ತುಂಡುತುಂಡಾಗಿ ಹೇಳಿದ್ದನ್ನು ಜೋಡಿಸಿದರೆ ಕತೆ ಹೀಗಿತ್ತು. ಹೋದ ವರ್ಷ ಅವಳ ಅಪ್ಪನ ಕಾರು ಒಬ್ಬ ಪೇಂಟರನ ಬಲಗಾಲಿನ ಮೇಲೆ ಹರಿದಿತ್ತು. 'ಕನ್ನಡಕ ಮಾರೋನಿಗೇ ಕಣ್ಣು ಕಾಣಲಿಲ್ಲ' ಎಂದು ಬೀದಿಯೆಲ್ಲ ನಕ್ಕಿತ್ತು. ಅಪ್ಪ ವಿಮೆ ಕಟ್ಟಲು ಮರೆತಿದ್ದರಿಂದ ಪರಿಹಾರವನ್ನು ಕೈಯಿಂದಲೇ ಕೊಡಬೇಕಿತ್ತು. ಪೇಂಟರನ ಕಾಲು ಇನ್ನೂ ಕೂಡಿಲ್ಲ, ಇನ್ನು ಕೂಡುವುದೂ ಇಲ್ಲ ಎನ್ನುವುದು ಆ ಕಡೆಯವರ ವಾದ. ನಾಳೆ ಡಾಕ್ಟರುಗಳ ಮಂಡಳಿ ಆ ಕಾಲನ್ನು ಪರೀಕ್ಷೆ ಮಾಡುವುದಿತ್ತು. ಮೊನ್ನೆ ಕೋರ್ಟಿನ ಪಡಸಾಲೆಯಲ್ಲಿ ಅಪ್ಪ ತಾಳ್ಮೆ ಕಳೆದುಕೊಂಡು, ಇನ್ನೊಂದು ಕಾಲನ್ನೂ ಮುರಿದುಬಿಡ್ತೀನಿ, ಜೋಡಿ ಲೆಕ್ಕದಲ್ಲಿ ಕೊಟ್ಟರಾಯ್ತು ಎಂದು ಎಲ್ಲರೆದುರು ಕಿರುಚಿದ್ದರು. ಇವತ್ತು ಬೆಳಿಗ್ಗೆ ತಪ್ಪಾಯಿತು ಎನ್ನಲು ಪೇಂಟರನ ಮನೆಗೇ ಹೋಗಿ ಬಾಗಿಲು ತಟ್ಟಿದರು. ಯಾರೂ ತೆಗೆಯಲಿಲ್ಲ, ವಾಪಸು ಬಂದರು. ಮಧ್ಯಾಹ್ನ ಪೇಂಟರನ ಹೆಂಡತಿ ಬ್ರೆಡ್ ಫ್ಯಾಕ್ಟರಿಯಿಂದ ಮನೆಗೆ ಬಂದು ನೋಡಿದರೆ ಗಂಡ ಮಂಚದ ಮೇಲೆ ತಲೆ ಜಜ್ಜಿಸಿಕೊಂಡು ಸತ್ತುಬಿದ್ದಿದ್ದ.

"ನಾಳೆ ಸಂಜೆ ಜಡ್ಜ್ ಮುಂದೆ ನಿಲ್ಲಿಸ್ತಾರಂತೆ. ಒಳಗೆ ಹೋದರೆ ಅಪ್ಪ ಬದುಕಲ್ಲ, ಡಾಕ್ಟ್ರಮ್ಮ," ಅಂದಳು ಹುಡುಗಿ. "ಕೊಂದೋರು ಅವರಲ್ಲ."

"ಮಗಳಾದವಳು ಹಾಗೇ ಹೇಳಬೇಕು," ಅಂದಳು ಚಿಕ್ಕಮ್ಮ. "ಸತ್ತವನು ಏನು ಹೇಳ್ತಾನೋ ಕೇಳೋಣ. ತಗಡೂ, ಶರ್ಟು ಬದಲಾಯಿಸು. ಗಾಜಿನ ಅಂಗಡಿ ಥರ ಮಿಂಚ್ತಾ ಇದ್ದೀಯ."

ಶವಾಗಾರದ ಡಾಕ್ಟರು ಚಿಕ್ಕಮ್ಮನ ಹಳೇ ಶಿಷ್ಯ. ಅಡ್ಡಿ ಮಾಡದೆ ಒಳಗೆ ಬಿಟ್ಟ. ತಗಡು ಜಜ್ಜಿದ ಲೋಹವನ್ನು ದಿನಾ ನೋಡುವವನು, ಜಜ್ಜಿದ ಮುಖವನ್ನು ಹತ್ತಿರದಿಂದ ಅವತ್ತೇ ನೋಡಿದ್ದು. ಬಲಗಿವಿಯ ಮೇಲೆ ತಲೆಬುರುಡೆ ಒಳಕ್ಕೆ ಕುಸಿದಿತ್ತು. ಕೆನ್ನೆಯ ಮೂಳೆ ಚರ್ಮ ಹರಿದು ಹೊರಗೆ ಬಿಳಿಯಾಗಿ ಕಾಣುತ್ತಿತ್ತು. ಒಂದು ಕಣ್ಣು ಎಲ್ಲಿರಬೇಕಿತ್ತೋ ಅಲ್ಲಿರಲಿಲ್ಲ. ಮೇಜಿಗಿಂತ ಮನುಷ್ಯ ಉದ್ದ. ಹೊದಿಸಿದ ಬಟ್ಟೆ ಸಾಲದೆ ಪಾದಗಳೆರಡೂ ಹೊರಗೆ ಚಾಚಿಕೊಂಡಿದ್ದವು.

ಚಿಕ್ಕಮ್ಮ ತಲೆಯನ್ನು ಒಂದು ಗಳಿಗೆ ನೋಡಿದಳು, ಕಾಲಿನ ಹತ್ತಿರ ಬಹಳ ಹೊತ್ತು ನಿಂತಳು. ಬಲಗಾಲು ಮೊಣಕಾಲಿನ ಕೆಳಗೆ ಉಬ್ಬಿ, ನೇರಳೆ ಬಣ್ಣಕ್ಕೆ ತಿರುಗಿ, ನಡುವೆ ಸಡಿಲವಾಗಿ ತೂಗುತ್ತಿತ್ತು. ಮೂಳೆ ಎರಡು ತುಂಡಾಗಿತ್ತು, ಚರ್ಮ ಮಾತ್ರ ಎಲ್ಲೂ ಹರಿದಿರಲಿಲ್ಲ. ಅವಳು ತಗಡನ್ನು ಕರೆದು ಬೆರಳಲ್ಲಿ ತೋರಿಸಿದಳು: ಕಣಕಾಲಿನ ಮುಂಭಾಗದ ಚರ್ಮದ ಮೇಲೆ ಒರಟು ನೇಯ್ಗೆಯ ಅಚ್ಚು, ಗೋಣಿಚೀಲ ಒತ್ತಿದ ಹಾಗೆ. ಹಿಂಭಾಗದಲ್ಲಿ ಎರಡು ನೇರ ಪಟ್ಟೆ. ಮುರಿದ ಜಾಗದಿಂದ ಮೇಲೊಂದು, ಕೆಳಗೊಂದು. ಆಮೇಲೆ ಅವಳು ಸತ್ತವನ ಬಾಯಿ ಅಗಲಿಸಿ ಹಲ್ಲಿನ ಸಂದಿಯಿಂದ ಒಂದು ನೂಲಿನ ಎಳೆ ಎತ್ತಿದಳು. ಬಾಯಿಂದ ಹೆಂಡದ ಹುಳಿವಾಸನೆ ಬಂತು.

"ತಲೆಗೆ ಅಷ್ಟು ದೊಡ್ಡ ಏಟು. ಹಾಸಿಗೆ ಮೇಲೆ ರಕ್ತ ಎಷ್ಟಿತ್ತಂತೆ?" ಎಂದು ಶಿಷ್ಯನನ್ನು ಕೇಳಿದಳು. ಒಂದು ಕರವಸ್ತ್ರ ಒದ್ದೆಯಾಗುವಷ್ಟು ಎಂದ ಅವನು. ಅದು ತನಗೂ ವಿಚಿತ್ರ ಅನ್ನಿಸಿತ್ತು, ಆದರೆ ಇನ್ಸ್‌ಪೆಕ್ಟರಿಗೆ ಅವಸರ ಇತ್ತು ಎಂದೂ ಸೇರಿಸಿದ.

ಪೇಂಟರನ ಮನೆ ಅಂದರೆ ಒಂದು ಕೋಣೆ, ಒಂದು ಅಡುಗೆಮನೆ. ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅಳುವ ಶಕ್ತಿ ಮುಗಿದವರು ಕೂರುವ ಹಾಗೆ. ಫ್ಯಾಕ್ಟರಿಯ ಹಿಟ್ಟು ಇನ್ನೂ ಅವಳ ಮುಂಗೂದಲಿಗೆ ಅಂಟಿತ್ತು. ಬೆಳಿಗ್ಗೆ ತಾನು ಕೆಲಸಕ್ಕೆ ಹೊರಟಾಗ ಗಂಡ ಮಲಗಿದ್ದ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ ಎಂದಳು. ಮೈದುನನೂ ಇದೇ ಮನೆಯಲ್ಲಿರುತ್ತಾನೆ, ಕಲ್ಲು ಹಾಸುವ ಕೆಲಸ, ಅವನು ತನಗಿಂತ ಮೊದಲೇ ಹೋಗಿದ್ದ ಎಂದಳು. ಆ ಮೈದುನನೇ ಸಲಾಕೆ ಹಿಡಿದಿದ್ದವನು ಎಂದು ತಗಡಿಗೆ ಗೊತ್ತಿತ್ತು.

ಚಿಕ್ಕಮ್ಮ ಮಂಚದ ಪಕ್ಕ ಒರಗಿಸಿದ್ದ ಊರುಗೋಲನ್ನು ಎತ್ತಿ ತಗಡಿನ ಕಂಕುಳಿಗೆ ಕೊಟ್ಟಳು. "ನಡಿ ನೋಡೋಣ." ಕುಳ್ಳನಾದ ತಗಡಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಅವನು ಎರಡು ಹೆಜ್ಜೆ ಕುಂಟಿ ತೋರಿಸಿದ. "ಪಾತ್ರ ಚೆನ್ನಾಗಿ ಹೊಂದುತ್ತೆ," ಎಂದು ಅದನ್ನು ವಾಪಸು ಇಟ್ಟಳು. ಆಮೇಲೆ ಅಡುಗೆಮನೆಯೊಳಗೆ ಹೋಗಿ ತಲೆಯೆತ್ತಿ ನೋಡುತ್ತ ನಿಂತಳು. ಗೋಡೆಗೆ ಹೊಸದಾಗಿ ಬಣ್ಣ ಬಳಿದಿತ್ತು. ವಾಸನೆ ಇನ್ನೂ ಆರಿರಲಿಲ್ಲ. ಗೋಡೆ ಮುಗಿದು ಛಾವಣಿ ಶುರುವಾಗುವ ಅಂಚಿನಲ್ಲಿ ಒಂದೇ ಒಂದು ಹನಿ ಆಚೀಚೆ ಹೋಗಿರಲಿಲ್ಲ.

"ಯಾರಮ್ಮ ಬಳಿದಿದ್ದು?"

ಹೆಂಡತಿ ಒಂದು ಕ್ಷಣ ತಡೆದಳು. "ಮೈದುನ," ಅಂದಳು.

"ಕಲ್ಲು ಹಾಸೋನ ಕೈಗೆ ಇಷ್ಟು ಸೂಕ್ಷ್ಮ," ಅಂದಳು ಚಿಕ್ಕಮ್ಮ. ಬೇರೇನೂ ಕೇಳಲಿಲ್ಲ.

ಪೇಂಟರನ ಕೇಸು ನಡೆಸುತ್ತಿದ್ದವನು ಒಬ್ಬ ಏಜೆಂಟ್. ವಕೀಲನಲ್ಲ, ಆಸ್ಪತ್ರೆಯ ಬಾಗಿಲಲ್ಲೇ ಗಾಯಾಳುಗಳನ್ನು ಹಿಡಿದು ವಕೀಲರಿಗೆ ತಲುಪಿಸಿ, ಬಂದ ದುಡ್ಡಿನಲ್ಲಿ ಮೂರರಲ್ಲೊಂದು ಪಾಲು ಇಟ್ಟುಕೊಳ್ಳುವವನು. ಅವನ ಕಚೇರಿಯ ಮೂಲೆಯಲ್ಲಿ ಛತ್ರಿಗಳ ಹಾಗೆ ಊರುಗೋಲುಗಳು ನಿಂತಿದ್ದವು. ಕಕ್ಷಿದಾರರಿಗೆ ತಾನೇ ಅಳತೆ ನೋಡಿ ಕೊಡುತ್ತೇನೆ, ಕೇಸು ಮುಗಿದ ಮೇಲೆ ವಾಪಸು ತೆಗೆದುಕೊಳ್ಳುತ್ತೇನೆ ಎಂದ. ಕಾರಿನ ಡಿಕ್ಕಿಯಲ್ಲೂ ಸದಾ ಒಂದೆರಡು ಇರುತ್ತವಂತೆ; ವ್ಯಾಪಾರ ದಾರಿಯಲ್ಲೂ ಸಿಗುತ್ತದಲ್ಲ, ಎಂದು ನಕ್ಕ.

ಚಿಕ್ಕಮ್ಮ ಏನೂ ತಿಳಿಯದವಳ ಹಾಗೆ, ಇಂಥ ಕೇಸಿಗೆಲ್ಲ ಸಾಮಾನ್ಯವಾಗಿ ಎಷ್ಟು ಬರುತ್ತೆ ಎಂದು ಕೇಳಿದಳು. ಏಜೆಂಟನಿಗೆ ಅದಕ್ಕಿಂತ ಇಷ್ಟದ ವಿಷಯ ಇರಲಿಲ್ಲ. ರೇಟು ಅಂತ ಒಂದಿಲ್ಲ ಡಾಕ್ಟ್ರಮ್ಮ ಎಂದು ಶುರು ಮಾಡಿದ. ಗಾಯಾಳುವಿಗೆ ವಯಸ್ಸೆಷ್ಟು, ಸಂಪಾದನೆಯೆಷ್ಟು, ತಪ್ಪಿನಲ್ಲಿ ಅವನ ಪಾಲೆಷ್ಟು, ಇನ್ನು ಮುಂದೆ ಔಷಧಿಗೆ, ನೋಡಿಕೊಳ್ಳುವವರಿಗೆ ಎಷ್ಟು ಬೇಕು, ಎಲ್ಲ ಸೇರುತ್ತದೆ. ಗುಮಾಸ್ತನ ಕಾಲಿಗೂ ಏಣಿ ಹತ್ತುವವನ ಕಾಲಿಗೂ ಒಂದೇ ಬೆಲೆಯಲ್ಲ. ಒಂದು ಬೆರಳು ಹೋದರೆ ಟಿವಿ ಬರುತ್ತದೆ. ಕಾಲು ಮುರಿದು ಸರಿಯಾಗಿ ಕೂಡಿಕೊಂಡರೆ ಆಸ್ಪತ್ರೆ ಬಿಲ್ಲು, ಮೇಲೊಂದು ಹಳೇ ಸ್ಕೂಟರ್.

"ಅದೇ ಕಾಲು ಕೂಡದೇ ಹೋದರೆ?" ಎಂದಳು ಚಿಕ್ಕಮ್ಮ.

"ಎರಡು ಕೋಣೆಯ ಮನೆ," ಎಂದ ಏಜೆಂಟ್. "ಸತ್ತರೆ ಅದಕ್ಕಿಂತ ಕಡಿಮೆ. ಸತ್ತವನ ಊಟದ ಖರ್ಚನ್ನ ಕಳೆದು ಕೊಡ್ತಾರೆ ನೋಡಿ. ನಮ್ಮ ಪೇಂಟರ್ ಬದುಕಿದ್ದರೆ ಚಿನ್ನ. ಈಗ ನೋಡಿ, ಸತ್ತ ಎಮ್ಮೆಗೆ ಹಂಡೆ ಹಾಲು ಅಂತ ನಾನು ಒಬ್ಬನೇ ಹೇಳ್ಕೊಂಡು ತಿರುಗಬೇಕು. ಆ ಕನ್ನಡಕದವನು ನನ್ನ ಹೊಟ್ಟೆ ಮೇಲೂ ಹೊಡೆದ."

ಹೊರಗೆ ಬಂದ ಮೇಲೆ ತಗಡು ತನ್ನ ತೀರ್ಮಾನ ಹೇಳಿದ. ಏಜೆಂಟನಿಗೆ ಪೇಂಟರ್ ಬದುಕಿರಬೇಕಿತ್ತು. ಹೆಂಡತಿಗೆ, ತಮ್ಮನಿಗೆ ಕೂಡ. ಅವನು ಸತ್ತರೆ ಲಾಭ ಕನ್ನಡಕದವರಿಗೆ ಮಾತ್ರ. ಆ ಹುಡುಗಿಗೆ ಏನು ಹೇಳೋದು ಎಂದ.

"ನಿನ್ನ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ," ಎಂದಳು ಚಿಕ್ಕಮ್ಮ. "ಬರೀ ಶುರು ಮಾಡಿದ ಜಾಗ ತಪ್ಪು. ನಾಳೆ ಬೆಳಿಗ್ಗೆ ಆ ತಮ್ಮ ಎಲ್ಲಿ ಕೆಲಸ ಮಾಡ್ತಾನೋ ಅಲ್ಲಿಗೆ ಹೋಗು. ಮಾತು ಕೇಳಬೇಡ. ಕೈ ನೋಡ್ಕೊಂಡು ಬಾ."

ಅಣ್ಣ ಸತ್ತ ಮರುದಿನವೇ ತಮ್ಮ ಒಂದು ಹೊಸ ಕಟ್ಟಡದಲ್ಲಿ ನೆಲ ಹಾಸುತ್ತಿದ್ದ. ತಗಡನ್ನು ಕಂಡು, ಕೈ ಸುಮ್ಮನಿದ್ದರೆ ತಲೆ ಕೆಡುತ್ತೆ ಎಂದ. ನಿನ್ನೆಯ ಇಟ್ಟಿಗೆಗೆ ಕ್ಷಮೆ ಕೇಳುವ ಹಾಗೆ ಒಂದು ಬೀಡಿ ಚಾಚಿದ. ಮೂಲೆಗೆ ಒಂದು ಕಲ್ಲಿನ ತುಂಡು ಬೇಕಿತ್ತು. ಅವನು ಚಪ್ಪಡಿಯ ಮೇಲೆ ಗೆರೆ ಹಾಕಿದ. ನೆಲದ ಮೇಲೆ ಎರಡು ಮರದ ಪಟ್ಟಿ ಇಟ್ಟು, ಗೆರೆ ಎರಡರ ನಡುವಿನ ಸಂದಿಗೆ ಬರುವಂತೆ ಚಪ್ಪಡಿ ಮಲಗಿಸಿದ. ಮೇಲೆ ಗೋಣಿಚೀಲ ಹಾಸಿ ಅಂಗೈಯಿಂದ ನೇವರಿಸಿದ. ರಬ್ಬರ್ ಸುತ್ತಿಗೆಯಿಂದ ಒಂದೇ ಏಟು. ಕಲ್ಲು ಗೆರೆಯ ಗುಂಟ ಸೀಳಿತು. ಹೊಳಪಿನ ಮೈ ಮೇಲೆ ಒಂದು ಗೀರೂ ಇರಲಿಲ್ಲ. ಎತ್ತುವಾಗ ಮುರಿದ ತುಂಡು ಕೈಯಿಂದ ಜಾರಿ ಅವನ ಪಾದದ ಪಕ್ಕದಲ್ಲೇ ಬಿತ್ತು.

ತಗಡು ಇದನ್ನೆಲ್ಲ ಬಂದು ಹೇಳಿದಾಗ ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ಆಮೇಲೆ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿ, ಕನ್ನಡಕದವರನ್ನು ಕೋರ್ಟಿಗೆ ಒಯ್ಯುವ ದಾರಿಯಲ್ಲಿ ನಮ್ಮ ಶೆಡ್ಡಿಗೆ ಕರೆತರಬೇಕು, ಉಳಿದವರನ್ನೂ ಕರೆಸಬೇಕು ಎಂದಳು. ಅವನು ಗೊಣಗಿದ, ಆದರೆ ಬಂದ.

ಶೆಡ್ಡಿನಲ್ಲಿ ಕುರ್ಚಿಗಳಿರಲಿಲ್ಲ, ಹಳೇ ಕಾರುಗಳಿಂದ ಬಿಚ್ಚಿದ ಸೀಟುಗಳೇ ಕುರ್ಚಿ. ಡ್ರೈವರ್ ಸೀಟಿನಲ್ಲಿ ಇನ್ಸ್‌ಪೆಕ್ಟರ್ ಹಿಂದಕ್ಕೆ ವಾಲಿ ಕೂತ. ಉದ್ದನೆಯ ಹಿಂದಿನ ಸೀಟಿನ ಒಂದು ತುದಿಗೆ ಪೇಂಟರನ ಹೆಂಡತಿ, ಇನ್ನೊಂದು ತುದಿಗೆ ಮೈದುನ. ಏಜೆಂಟ್ ನಿಂತೇ ಇದ್ದ, ಪ್ಯಾಂಟಿಗೆ ಗ್ರೀಸ್ ಹತ್ತುತ್ತೆ ಅಂತ. ಕನ್ನಡಕದವರ ಮಣಿಕಟ್ಟಿಗೆ ಸ್ಟೇಷನ್ನಿನಲ್ಲಿ ಯಾರೋ ಬಟ್ಟೆ ಸುತ್ತಿದ್ದರು. ಚಿಕ್ಕಮ್ಮ ಮೊದಲು ಆ ಬಟ್ಟೆ ಬಿಚ್ಚಿ, ಸರಿಯಾಗಿ ದಬ್ಬೆ ಕಟ್ಟಿದಳು. ಆ ಮನುಷ್ಯ ತುಟಿ ಕಚ್ಚಿಕೊಂಡು ನಡುಗಿದರು. ಮಗಳು ಬಾಗಿಲ ಬಳಿ ನಿಂತಿದ್ದಳು.

"ಇನ್ಸ್‌ಪೆಕ್ಟ್ರೇ, ಇವರು ಕಾಲು ಮುರಿದು, ಆಮೇಲೆ ತಲೆ ಒಡೆದರು ಅಂತೀರಿ," ಎಂದು ಚಿಕ್ಕಮ್ಮ ಶುರು ಮಾಡಿದಳು. "ಇವರು ಮುರೀತೀನಿ ಅಂದಿದ್ದು ಇನ್ನೊಂದು ಕಾಲು. ಮುರಿದಿರೋದು ಮೊದಲಿನದೇ. ಅದು ಮುರಿದಷ್ಟೂ ಇವರ ಮನೆ ಮುಳುಗುತ್ತೆ. ಕೊಡಬೇಕಾದವನು ಸಾಲ ಹೆಚ್ಚಿಸಿಕೊಳ್ತಾನಾ?"

ಓಡಿಹೋಗದ ಹಾಗೆ ಮುರಿದಿರಬಹುದು ಎಂದ ಇನ್ಸ್‌ಪೆಕ್ಟರ್.

ಹಾಗಿದ್ದರೆ ಕಾಲಿನ ಮೇಲೆ ಗೋಣಿ ಯಾಕೆ ಹಾಸಿದ ಎಂದು ಅವಳು ಕೇಳಿದಳು. ಸಿಟ್ಟಿನಿಂದ ಹೊಡೆಯುವವನು ಚರ್ಮಕ್ಕೆ ಗೀರು ಬೀಳಬಾರದು ಅಂತ ನೋಡುವುದಿಲ್ಲ. ಕಾಲಿನ ಕೆಳಗೆ ಎರಡು ಮರದ ಪಟ್ಟಿ ಇಟ್ಟು, ಮೊದಲು ಮುರಿದು ಕೂಡಿದ ಗಂಟನ್ನು ಬೆರಳಲ್ಲಿ ತಡಕಿ, ಅದನ್ನೇ ಸಂದಿಯ ಮೇಲೆ ಕೂರಿಸಿ, ಒಂದೇ ಏಟು ಹಾಕಿದ್ದಾರೆ. ಇದು ಮುರಿಯುವ ರೀತಿಯಲ್ಲ, ಕೆಲಸದ ರೀತಿ. ಹೊಳಪು ಕೆಡದಂತೆ ಕಲ್ಲು ಸೀಳುವವನಿಗೆ ಅಭ್ಯಾಸವಾದದ್ದು. ಬೇರೆ ಯಾರಾದರೂ ಬರಿಯ ಕೋಲು ತೆಗೆದುಕೊಳ್ಳುತ್ತಿದ್ದರು. ಇವನ ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ.

ತಮ್ಮ ತಲೆಯೆತ್ತಲಿಲ್ಲ. ಅವನ ಅತ್ತಿಗೆ ಮಾತ್ರ ಮೆಲ್ಲಗೆ ಕತ್ತು ತಿರುಗಿಸಿ ಅವನನ್ನು ನೋಡಿದಳು.

"ಇವನು ಅಣ್ಣನನ್ನ ಕೊಲ್ಲೋಕೆ ಮುರಿದಿಲ್ಲ," ಎಂದಳು ಚಿಕ್ಕಮ್ಮ. "ಅಣ್ಣನೇ ಮುರಿಸಿಕೊಂಡಿದ್ದು. ಕೈಕಾಲು ಕಟ್ಟಿದ ಗುರುತಿಲ್ಲ. ಗುದ್ದಾಡಿದ ಗುರುತಿಲ್ಲ. ನೋವು ತಡೆಯೋಕೆ ಹೆಂಡ ಕುಡಿದಿದ್ದಾನೆ, ಕೂಗು ಹೊರಗೆ ಹೋಗಬಾರದು ಅಂತ ಬಾಯಿಗೆ ಟವೆಲ್ ತುರುಕಿಸಿಕೊಂಡಿದ್ದಾನೆ. ಯಾಕೆ? ಕಾಲು ಕೂಡಿಬಿಟ್ಟಿತ್ತು. ಕೂಡಿದ ಕಾಲಿಗೆ ಹಳೇ ಸ್ಕೂಟರ್, ಕೂಡದ ಕಾಲಿಗೆ ಎರಡು ಕೋಣೆಯ ಮನೆ. ಇವತ್ತು ಮಂಡಳಿಯ ಪರೀಕ್ಷೆ ಇತ್ತು. ಚರ್ಮ ಹರಿಯದೆ, ಹಳೇ ಜಾಗದಲ್ಲೇ ಮುರಿದರೆ, ಮೊದಲಿನಿಂದ ಕೂಡೇ ಇಲ್ಲ ಅಂತ ಹೇಳಬಹುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಲೆಕ್ಕ ಹಾಕಿದ್ದರು. ಮೂಳೆ ಮುರಿದ ನೋವಿಗೆ ಹೊಟ್ಟೆಯಲ್ಲಿದ್ದ ಹೆಂಡ ಮೇಲೆ ಬಂತು. ಬಾಯಿ ತುಂಬ ಟವೆಲ್. ವಾಂತಿ ಉಸಿರಿನ ದಾರಿಗೆ ಇಳಿಯಿತು. ಕಾಲು ಊದಿಕೊಂಡಿದೆ ಅಂದರೆ ಆಗ ಜೀವ ಇತ್ತು. ತಲೆಯಿಂದ ರಕ್ತ ಹರಿದೇ ಇಲ್ಲ, ಬರೀ ಒಸರಿದೆ ಅಂದರೆ ಅದನ್ನ ಒಡೆದಾಗ ಜೀವ ಹೋಗಿತ್ತು."

ಶೆಡ್ಡಿನ ಹೊರಗೆ ಯಾವುದೋ ಲಾರಿ ಹೋಯಿತು. ಹಿಂದಕ್ಕೆ ವಾಲಿದ್ದ ಇನ್ಸ್‌ಪೆಕ್ಟರ್ ನೆಟ್ಟಗೆ ಕೂತ.

ತಲೆ ಒಡೆದ ಕೈ ಬೇರೆ ಎಂದು ಅವಳು ಮುಂದುವರಿಸಿದಳು. ಕಾಲಿಗೆ ಗೋಣಿ ಹಾಸಿದವನು ಆ ಮುಖವನ್ನು ಹಾಗೆ ಜಜ್ಜುವುದಿಲ್ಲ. ಎರಡನೆಯವನಿಗೆ ಬೇಕಾಗಿದ್ದದ್ದು ಒಂದೇ, ಕಾಲಿನ ಕಡೆ ಯಾರ ಕಣ್ಣೂ ಹೋಗಬಾರದು, ಕೊಲೆ ಕನ್ನಡಕದವರ ಹೆಸರಿಗೆ ಬರಬೇಕು. ಕೈಗೆ ಸಿಕ್ಕಿದ್ದು ಪೇಂಟರನ ಊರುಗೋಲು. ಅದಕ್ಕೆ ರಕ್ತ, ಕೂದಲು ಹತ್ತಿದ ಮೇಲೆ ಅಲ್ಲಿ ಬಿಡುವ ಹಾಗಿರಲಿಲ್ಲ. ಕುಂಟನ ಮನೆಯಲ್ಲಿ ಊರುಗೋಲೇ ಇಲ್ಲ ಅಂದರೆ ಕುಂಟನಿಗೆ ಅದು ಬೇಕೇ ಇರಲಿಲ್ಲ ಅನ್ನುವುದು ಗೊತ್ತಾಗುತ್ತದೆ. ಅದಕ್ಕೇ ಬೇರೊಂದನ್ನು ತಂದಿಟ್ಟ. ಅದು ತಗಡಿನಂಥ ಕುಳ್ಳನ ಅಳತೆಯದು. ಪೇಂಟರ್ ಶವಾಗಾರದ ಮೇಜಿಗೇ ಸಾಲದಷ್ಟು ಉದ್ದ.

"ಬೆಳಬೆಳಿಗ್ಗೆ ಊರುಗೋಲು ಬದಲಾಯಿಸೋಕೆ ಯಾರ ಹತ್ತಿರ ಇನ್ನೊಂದು ಇರುತ್ತೆ?" ಎಂದು ಅವಳು ಏಜೆಂಟನ ಕಡೆ ತಿರುಗಿದಳು. "ಡಿಕ್ಕಿಯಲ್ಲಿ ಸದಾ ಇರುತ್ತೆ ಅಂತ ನೀವೇ ಹೇಳಿದಿರಿ. ಅವನನ್ನ ಪಕ್ಕಕ್ಕೆ ಹೊರಳಿಸಿ, ಬಾಯೊಳಗೆ ಬೆರಳು ಹಾಕಿ ಟವೆಲ್ ಎಳೆದಿದ್ದರೆ ಬದುಕ್ತಿದ್ದನೇನೋ. ನೀವು ಊರುಗೋಲು ಎತ್ತಿಕೊಂಡಿರಿ."

ಏಜೆಂಟ್ ಚಪ್ಪಾಳೆ ತಟ್ಟಲಿಲ್ಲ ಅಷ್ಟೇ. ಮುಖದಲ್ಲಿ ಮೆಚ್ಚುಗೆ ಇತ್ತು. ಕತೆ ಚೆನ್ನಾಗಿದೆ ಎಂದ. ಊರುಗೋಲಿನ ಅಳತೆ ತಪ್ಪಿದ್ದಕ್ಕೆ ಯಾರನ್ನೂ ಜೈಲಿಗೆ ಹಾಕಿದ್ದು ತಾನು ಕೇಳಿಲ್ಲ. ಉಳಿದದ್ದೆಲ್ಲ ಒಂದೇ ಮೊಳೆಗೆ ತೂಗುಹಾಕಿದ್ದು: ಕಾಲು ಕೂಡಿತ್ತು ಅನ್ನುವ ಮಾತಿಗೆ. ಕೂಡಿರಲಿಲ್ಲ, ಮೊನ್ನೆಯೂ ಹಾಗೇ ತೂಗುತ್ತಿತ್ತು, ಕೊಂದವನು ಅದನ್ನು ಇನ್ನಷ್ಟು ತುಳಿದಿದ್ದಾನೆ ಎಂದು ತಾನು ಹೇಳಿದರೆ? ಈಚಿನ ಎಕ್ಸ್‌ರೇ ಯಾರ ಹತ್ತಿರ ಇದೆ?

ಎಕ್ಸ್‌ರೇ ಯಾಕೆ ಇಲ್ಲ ಅನ್ನುವುದು ಶೆಡ್ಡಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು: ಕಾಲು ಕೂಡಿದ್ದು ಕಾಣಬಾರದು ಅಂತ ತೆಗೆಸಿಯೇ ಇರಲಿಲ್ಲ. ಇನ್ಸ್‌ಪೆಕ್ಟರ್ ಸೀಟಿನಲ್ಲಿ ಮುಂದಕ್ಕೆ ಸರಿದ. ಅವನ ಧ್ವನಿಯಲ್ಲಿ ಬೇಸರವಿತ್ತು. ಡಾಕ್ಟ್ರಮ್ಮ ಹೇಳಿದ್ದು ತನಗೂ ಸರಿ ಅನ್ನಿಸುತ್ತದೆ, ಆದರೆ ಡಾಕ್ಟರುಗಳು ಡಾಕ್ಟರುಗಳ ಜತೆ ವಾದ ಮಾಡುತ್ತ ಕೂತರೆ ವರ್ಷಗಳು ಹೋಗುತ್ತವೆ. ಕನ್ನಡಕದವರು ಬೆದರಿಸಿದ್ದನ್ನು ಕೇಳಿದವರಿದ್ದಾರೆ, ಬಾಗಿಲಲ್ಲಿ ನಿಂತಿದ್ದನ್ನು ನೋಡಿದವರಿದ್ದಾರೆ. ಪೇಂಟರ್ ನಡೆದದ್ದನ್ನು ನೋಡಿದವರು ಯಾರಾದರೂ ಇದ್ದರೆ ಈಗಲೇ ಹೇಳಲಿ, ಇಲ್ಲದಿದ್ದರೆ ಜೀಪು ಕೋರ್ಟಿಗೆ ಹೊರಡುತ್ತದೆ ಎಂದ.

ಎಲ್ಲರ ಕಣ್ಣೂ ಆ ಹೆಂಗಸಿನ ಮೇಲೆ ಹೋಯಿತು. ಅಡುಗೆಮನೆಯ ಛಾವಣಿಯ ಅಂಚು ತಗಡಿನ ಕಣ್ಣ ಮುಂದೆ ಬಂತು. ಏಣಿ ಹತ್ತದೆ ಅದನ್ನು ಬಳಿಯಲು ಆಗುತ್ತಿರಲಿಲ್ಲ. ಚಿಕ್ಕಮ್ಮ ಅದನ್ನು ಎತ್ತುತ್ತಾಳೆ ಎಂದು ಕಾದ. ಅವಳು ಎತ್ತಲಿಲ್ಲ. ಒತ್ತಾಯದಿಂದ ಬಂದ ಮಾತನ್ನು ಏಜೆಂಟ್ ಕೋರ್ಟಿನಲ್ಲಿ ಎರಡೇ ನಿಮಿಷದಲ್ಲಿ ಸುಲಿದು ಹಾಕುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಏಜೆಂಟ್ ಪ್ಯಾಂಟಿನ ಗ್ರೀಸು ಮರೆತು ಆ ಸೀಟಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಮನೆಯ ಹಿರಿಯನ ಹಾಗೆ ಮೆತ್ತಗೆ ಮಾತಾಡಿದ.

"ನೋಡು ತಂಗಿ, ನಾನು ಕಾನೂನು ಹೇಳ್ತೀನಿ, ಅಷ್ಟೇ. ಅವನು ನಡೀತಿದ್ದ ಅಂತ ನೀನಂದರೆ ಕೇಸು ಮೋಸದ ಕೇಸು ಆಗುತ್ತೆ, ಒಂದು ಕಾಸೂ ಬರಲ್ಲ. ಮೈದುನ ಜೈಲಿಗೆ ಹೋಗ್ತಾನೆ. ಗಂಡ ಇಲ್ಲ, ದುಡಿಯೋ ಕೈ ಇನ್ನೊಂದು ಇಲ್ಲ. ಯಾರಿಗೋಸ್ಕರ? ನಿನ್ನ ಗಂಡನ ಮೇಲೆ ಕಾರು ಹತ್ತಿಸಿದ ಈ ಮನುಷ್ಯನಿಗೋಸ್ಕರ. ನೋಡಿಲ್ಲ, ಗೊತ್ತಿಲ್ಲ ಅನ್ನು. ಎರಡು ಕೋಣೆಯ ಮನೆ ನಿಂದು. ಅವನು ಸತ್ತಿದ್ದಕ್ಕೆ ಕಡಿಮೆ ಬೀಳೋದನ್ನ ನನ್ನ ಪಾಲಿನಿಂದ ತುಂಬ್ತೀನಿ, ಪೂರ್ತಿ ನೀನೇ ಇಟ್ಕೋ."

ತಗಡು ಕನ್ನಡಕದವರನ್ನು ನೋಡಿದ. ಅವರು ಏನಾದರೂ ಬೇಡಿಕೊಳ್ಳುತ್ತಾರೆ ಅಂದುಕೊಂಡಿದ್ದ. ಅವರು ಬೇಡಿಕೊಳ್ಳಲಿಲ್ಲ. ಆ ಹೆಂಗಸಿನ ಮುಖ ನೋಡಲು ಆಗದೆ ನೆಲ ನೋಡುತ್ತಿದ್ದರು. ಏಜೆಂಟ್ ಹೇಳಿದ್ದರಲ್ಲಿ ಕಾರು ಹತ್ತಿಸಿದ ಮಾತು ನಿಜವೇ ಆಗಿತ್ತಲ್ಲ. ಬಾಗಿಲ ಬಳಿ ಅವರ ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಹೆಂಗಸು ಸೀಟಿನ ಇನ್ನೊಂದು ತುದಿಗೆ ತಿರುಗಿದಳು.

"ಹೋದ ವಾರ ಈ ಏಜೆಂಟು ನನ್ನ ಹತ್ತಿರಾನೂ ಬಂದಿದ್ರು," ಅಂದಳು ಮೈದುನನಿಗೆ. "ಒಂದು ಏಟು, ಒಂದು ಮನೆ ಅಂದ್ರು. ಆಗಲ್ಲ ಅಂದಿದ್ದೆ. ನಿಮ್ಮಣ್ಣನಿಗೂ ಹೇಳಿದ್ದೆ. ನಿನಗೆ ಯಾಕೋ ಹೇಳೋಕೆ ಹೋಗಲಿಲ್ಲ. ನೀನು ಹುಡುಗ, ನಿನ್ನ ಹತ್ತಿರ ಕೇಳಲ್ಲ ಅಂದ್ಕೊಂಡೆ."

"ಬೇಗ ಮುಗಿಸೋ ಅಂತ ಅಣ್ಣನೇ ನಕ್ಕ, ಅತ್ತಿಗೆ," ಎಂದ ತಮ್ಮ. "ಇವರನ್ನ ಅಲ್ಲೇ ಬಿಟ್ಟು ನಾನು ಡಾಕ್ಟರನ್ನ ಕರೆಯೋಕೆ ಓಡಿದೆ. ವಾಪಸು ಬಂದಾಗ ಅವನ ಮುಖ ಇರಲಿಲ್ಲ. ಕನ್ನಡಕದವರು ಬಂದು ಹೊಡೆದು ಹೋದರು ಅಂತ ಈ ಏಜೆಂಟ್ ಅಂದ್ರು, ನಂಬಿದೆ."

ಹುಡುಗ ಆಘಾತದಲ್ಲಿದ್ದಾನೆ, ಏನೇನೋ ಬಡಬಡಿಸುತ್ತಾನೆ, ಇದನ್ನೆಲ್ಲ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ಏಜೆಂಟ್ ಇನ್ಸ್‌ಪೆಕ್ಟರಿಗೆ ಹೇಳಿದ. ಹಾಗೇ ಮತ್ತೆ ಹೆಂಗಸಿನ ಕಡೆ ಬಾಗಿದ. ಧ್ವನಿ ಇನ್ನೂ ಇಳಿಯಿತು. ಇನ್ನೂ ಏನೂ ಕೆಟ್ಟಿಲ್ಲ ತಂಗಿ, ನಿನ್ನ ಒಂದು ಮಾತಿನ ಮೇಲೆ ಎಲ್ಲ ನಿಂತಿದೆ, ಮನೆಯ ಜತೆ ನಿನ್ನ ಮೈದುನನನ್ನೂ ಉಳಿಸಿಕೊಡ್ತೀನಿ ಎಂದ.

ಅವಳು ಎದ್ದು ನಿಂತಳು. ಕುಕ್ಕರುಗಾಲಲ್ಲಿ ಕೂತಿದ್ದ ಏಜೆಂಟ್ ಅವಳ ಮುಖ ನೋಡಲು ಕತ್ತೆತ್ತಬೇಕಾಯಿತು.

"ನಡೀತಿದ್ರು," ಅಂದಳು ಅವಳು ಇನ್ಸ್‌ಪೆಕ್ಟರಿಗೆ. "ಬರ್ಕೊಳ್ಳಿ." ಆಮೇಲೆ ಏಜೆಂಟನ ಕಡೆ ತಿರುಗಿ, "ನಿನ್ನ ಮನೆ ನನಗೆ ಬೇಡ," ಅಂದಳು.